ನಮ್ಮ ಗೊಂಬೆಯ ಬೆನ್ನುಮೂಳೆ

ಶಿಳ್ಳೇಕ್ಯಾತರು ಆಡಿನ ತೊಗಲಿನಲ್ಲಿ ರಾಮನನ್ನು ಕೊರೆದು, ಕೀಲಿಗೆ ದಾರ ಕಟ್ಟಿ, ದೀಪದ ಮುಂದೆ ಕುಣಿಸಿದರು. ದೇವರು ಪರದೆ ಮೇಲೆ. ಕುಣಿಸಿದವರು ಊರ ಹೊರಗೆ. 2025ರಲ್ಲಿ ಮೊರನಾಳದ ಭೀಮವ್ವನವರಿಗೆ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು.

ನಾವು ಹೊಸಪೇಟೆ, ಕಂಪ್ಲಿಯ ಆರು ಮಂದಿ ಈಗ ಬ್ಲೆಂಡರಿನಲ್ಲಿ ಗೊಂಬೆ ಮಾಡತೀವಿ. 2002ರಿಂದ ಅದು ಮುಕ್ತ ತಂತ್ರಾಂಶ. ತಂತ್ರಾಂಶ ಪುಕ್ಕಟೆ ಐತಿ, ಕಂಪ್ಯೂಟರು ಪುಕ್ಕಟೆ ಇಲ್ಲ. ಆರು ಮಂದಿಗೆ ಒಂದೇ. ಇಲ್ಲೂ ಅದೇ ವಿದ್ಯೆ: ಮೈಯೊಳಗೆ ಮೂಳೆ ಇಟ್ಟು ಕೀಲು ಕೂಡಿಸಬೇಕು, ಒಂದೊಂದು ಭಂಗಿಗೂ ಗುರುತು ಹಾಕಬೇಕು, ನಡುವಿನ ಚಲನೆಯನ್ನು ಯಂತ್ರ ತುಂಬತೈತಿ.

ಹಂಪಿಯ ಅರಸರನ್ನು ಮಾಡೋರು ಬೇಕಾದಷ್ಟು ಮಂದಿ ಅದಾರ. ನಾವು ಮಾಡಿದ್ದು ಸಂಡೂರಿನ ಗಣಿಯಾಗ ಅದಿರು ಆರಿಸಿದ ಅವ್ವನನ್ನು. ಅವಳ ಬೆನ್ನು ಬಾಗಿಸೋದು ಒಂದು ತಾಸಿನ ಕೆಲಸ. ನೆಟ್ಟಗೆ ನಿಲ್ಲಿಸೋಕ ಮೂರು ದಿನ ಹಿಡೀತು.