ಗಣಿತದ ಕಾಡಿನಲ್ಲಿ ಚಿಕ್ಕಮ್ಮ

ಪ್ಯಾರಿಸ್ಸಿನಲ್ಲಿ ಆರ್‌ಇಆರ್ ಬಿ ರೈಲು ಹತ್ತಿ ನೈಋತ್ಯಕ್ಕೆ ಹೊರಟರೆ, ಕಟ್ಟಡಗಳು ಹಿಂದೆ ಸರಿದು ಹಸಿರು ಶುರುವಾದ ಮೇಲೆ ಬ್ಯುರ್-ಸ್ಯುರ್-ಇವೆಟ್ ಬರುತ್ತದೆ. ಇಲ್ಲಿನ ಐಎಚ್‌ಇಎಸ್ ಗಣಿತ ಸಂಸ್ಥೆಗೆ ಅಕ್ಕನ ಮಗ ನನ್ನನ್ನು ಕರೆತಂದಿದ್ದಾನೆ. ರೈಲಿನುದ್ದಕ್ಕೂ ಅವನೂ ಅವನ ಗೆಳೆಯನೂ ಈಜಿಎ, ಎಸ್‌ಜಿಎ, ಗಾಗಾ ಎನ್ನುತ್ತಿದ್ದರು. ಹೈಸ್ಕೂಲಿನ ಲ.ಸಾ.ಅ., ಮ.ಸಾ.ಅ. ದಾಟದ ನನಗೆ ಅದು ಕೂಸಿನ ತೊದಲು.

"ಎಸ್‌ಜಿಎ ಅಂದರೇನೋ?" ಎಂದರೆ ಸುತ್ತಲಿನ ಮರಗಳನ್ನು ತೋರಿಸುತ್ತಾನೆ. ಈ ತೋಪು ಬ್ವಾ-ಮರಿ. 1960ರ ದಶಕದಲ್ಲಿ ಅಲೆಕ್ಸಾಂಡರ್ ಗ್ರೋಥೆಂಡಿಕ್ ನಡೆಸಿದ ಸೆಮಿನಾರುಗಳ ಟಿಪ್ಪಣಿಗೆ 'ಬ್ವಾ-ಮರಿಯ ಬೀಜಗಣಿತೀಯ ಜ್ಯಾಮಿತಿ ಸೆಮಿನಾರ್' ಎಂದೇ ಹೆಸರು. ಚಿಕ್ಕದು ಮಾಡುವಾಗ ಪಾಪ, ಕಾಡೇ ಉದುರಿಹೋಗಿದೆ! ಅದರ ನಾಲ್ಕನೆಯ ಭಾಗವೇ ಮೂರು ದಪ್ಪ ಸಂಪುಟ. ಹೊರಗಿನವರಿಗೂ ಒಳದಾರಿ ಸಿಗಲೆಂದು ಪಿಯೆರ್ ದೆಲೀನ್ 1977ರಲ್ಲಿ ಇನ್ನೊಂದು ಪುಸ್ತಕ ತಂದರು. ಅದರ ಸಂಖ್ಯೆ ನಾಲ್ಕೂವರೆ. ಗಣಿತಜ್ಞರು ನಗುವುದಿಲ್ಲವೆಂದು ಯಾರಂದರು?

ಗಾಗಾ ಕೂಡ ತಮಾಷೆಯ ಹೆಸರೇ. 1956ರಲ್ಲಿ ಜ್ಯಾಂ-ಪಿಯೆರ್ ಸೆರ್ ಬರೆದ ಪ್ರಬಂಧದ ಫ್ರೆಂಚ್ ಶೀರ್ಷಿಕೆಯಲ್ಲಿ ಜ್ಯಾಮಿತಿ ಎರಡು ಸಲ ಬರುತ್ತದೆ: ಒಮ್ಮೆ ಬಹುಪದಗಳದ್ದು, ಇನ್ನೊಮ್ಮೆ ಸಂಕೀರ್ಣ ಸಂಖ್ಯೆಗಳ ಕಲನಶಾಸ್ತ್ರದ್ದು. ಒಂದು ದೊಡ್ಡ ಬಗೆಯ ಆಕೃತಿಗಳ ಮಟ್ಟಿಗೆ ಎರಡೂ ದಾರಿ ಒಂದೇ ಕಡೆ ಮುಟ್ಟುತ್ತವೆ ಎಂಬುದು ಅದರ ತಿರುಳು.

ಅಲ್ಲಿಂದ ಇನ್ನೊಂದು ಗಣಿತ ಸಂಸ್ಥೆಯತ್ತ ಹೊರಟು, ಸ್ಟ್ರಾಸ್‌ಬೂರ್ಗ್ ದಾಟಿ ಜರ್ಮನಿಯ ಒಫೆನ್‌ಬುರ್ಗಿನಲ್ಲಿ ಇಳಿದರೆ ಎದುರಿಗೆ 'ಎಸ್‌ಇವಿ' ಎಂಬ ಫಲಕ. ಇದೂ ಗಣಿತವೇ ಎಂದು ಕೇಳುತ್ತೇನೆ. ಅಲ್ಲವಂತೆ; ಹಳಿ ಬಂದ್, ರೈಲಿನ ಬದಲು ಬಸ್ಸು! ಮಳೆಯಲ್ಲಿ ಪೆಟ್ಟಿಗೆ ಎಳೆಯುತ್ತ ಸಾಲಿನಲ್ಲಿ ನಿಂತಿದ್ದೇವೆ. ಪೂರ್ಣಾಂಕಗಳ ಗಣಕ್ಕೆ ಮೇಷ್ಟ್ರು 'ಜ಼ಡ್' ಎಂದು ಬರೆಸುತ್ತಿದ್ದ ಗುಟ್ಟು ಬಿಚ್ಚಿಕೊಂಡದ್ದು ಆ ಸಾಲಿನಲ್ಲೇ: ಜರ್ಮನ್ನಿನಲ್ಲಿ 'ತ್ಸಾಲ್' ಎಂದರೆ ಸಂಖ್ಯೆ, ಅದರ ಮೊದಲಕ್ಷರ ಜ಼ಡ್. ಶಿವಮೊಗ್ಗದ ಕರಿಹಲಗೆಯ ಮೇಲೆ ಇಷ್ಟು ಕಾಲ ಜರ್ಮನ್ ಕೂತಿತ್ತು!

ಬ್ಲ್ಯಾಕ್ ಫಾರೆಸ್ಟಿನ ಓಬರ್‌ವೋಲ್ಫಾಖ್‌ನಲ್ಲಿ ಗಣಿತಜ್ಞರಿಗೆಂದೇ 1944ರಲ್ಲಿ ಹುಟ್ಟಿದ ಸಂಸ್ಥೆಯಿದೆ. ವಾರವಿಡೀ ಅಲ್ಲೇ ಊಟ, ಅಲ್ಲೇ ಚರ್ಚೆ. ಹೆಸರಿರುವ ಕರವಸ್ತ್ರದ ಲಕೋಟೆಗಳನ್ನು ಸಿಬ್ಬಂದಿ ಊಟದ ಮೇಜಿನ ಮೇಲೆ ಬೆರೆಸಿಡುತ್ತಾರಂತೆ. ಪರಿಚಯದವರು ಗುಂಪುಕಟ್ಟುವ ಹಾಗಿಲ್ಲ. ಹೊರಗೆ ಲೋಹದ ಪಟ್ಟಿಗಳಲ್ಲಿ ಹೆಣೆದ 'ಬಾಯ್ ಮೇಲ್ಮೈ' ನಿಂತಿದೆ. ಬಾಯ್ ಎಂದರೆ ಹುಡುಗನಲ್ಲ, 1901ರಲ್ಲಿ ಇದನ್ನು ಕಂಡುಹಿಡಿದ, ಹಿಲ್ಬರ್ಟರ ಶಿಷ್ಯ ವೆರ್ನರ್ ಬಾಯ್. ಇದಕ್ಕೆ ಅಂಚಿಲ್ಲ, ತನ್ನನ್ನೇ ತೂರಿಕೊಂಡು ಹೋಗುತ್ತದೆ. ಹೊರಗೆಂದು ಬೆರಳಿಟ್ಟು ಜಾರಿಸುತ್ತ ಹೋದರೆ ಒಳಗೆ ತಲುಪುತ್ತದೆ. ಸುತ್ತಿದಷ್ಟೂ ಸಾಲದು.

ಕೆಳಗೆ ವೋಲ್ಫಾಖ್‌ನ ಕಾಫಿ ಅಂಗಡಿಯಲ್ಲಿ ಚೆರ್ರಿ ಕೇಕಿನ ಎರಡು ತುಂಡು ಬರುತ್ತವೆ, ಒಂದು ತುಸು ದೊಡ್ಡದು.

"ಡಬ್ಲ್ಯುಎಲ್‌ಒಜಿ, ದೊಡ್ಡದು ನನ್ನದು," ಎನ್ನುತ್ತಾನೆ.

ಎರಡರಲ್ಲಿ ಯಾವುದನ್ನು ದೊಡ್ಡದೆಂದು ಹಿಡಿದರೂ ಸಾಧನೆ ಬದಲಾಗದಿದ್ದಾಗ, ಸುಮ್ಮನೆ ಒಂದನ್ನು ಹಿಡಿದು ಮುಂದೆ ಹೋಗಲು ಗಣಿತದಲ್ಲಿ ಹೀಗೆ ಬರೆಯುತ್ತಾರಂತೆ.

"ಯಾವುದಾದರೂ ಒಂದೇ ಅಲ್ಲವೇನೋ ಹಾಗಾದರೆ?" ಎಂದು ದೊಡ್ಡ ತಟ್ಟೆಯನ್ನು ನನ್ನ ಕಡೆ ಎಳೆದುಕೊಳ್ಳುತ್ತೇನೆ.