ಮಂಜಿನ ನೆತ್ತಿಯಲ್ಲಿ ಹೆಡ್‌ಕೌಂಟ್

ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ನನ್ನ ಸೂಟ್‌ಕೇಸು ಅಟ್ಟದಿಂದ ಇಳಿಯುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ನಾನು ಟೂರ್ ಮ್ಯಾನೇಜರ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಹಾಸನಗಳಿಂದ ಬಂದ ನಲವತ್ತು ಚಿಲ್ಲರೆ ಜನರನ್ನು ಒಂದು ಕೋಚಿನಲ್ಲಿ ಕೂರಿಸಿಕೊಂಡು ಯೂರೋಪಿನ ಐದಾರು ದೇಶ ಸುತ್ತಿಸಬೇಕು. ಎಲ್ಲರ ಪಾಸ್‌ಪೋರ್ಟೂ ಎಲ್ಲರ ಮಂಡಿಯೂ ನೆಟ್ಟಗಿರುವಂತೆ ನೋಡಿಕೊಂಡು ದೇವನಹಳ್ಳಿಗೆ ವಾಪಸ್ ಮುಟ್ಟಿಸಬೇಕು. ಮಳೆಗಾಲ ಹಿಡಿದ ಮೇಲೆ ಕೆಲಸವಿಲ್ಲ. ದಸರೆ ರಜೆಗೆ ಒಂದು ಗ್ರೂಪು ಸಿಕ್ಕರೆ ಪುಣ್ಯ.

ನೆಂಟರಿಗೆಲ್ಲ ಇದು ಬಿಟ್ಟಿ ಪ್ರವಾಸದಂತೆ ಕಾಣುತ್ತದೆ. ಮೊದಲ ಸಂಜೆ ಹೋಟೆಲಿನ ಲಾಬಿಯಲ್ಲಿ ನಾನು ಮಾಡುವ ಭಾಷಣವನ್ನು ಅವರು ಕೇಳಬೇಕು. ಅದರಲ್ಲಿ ರೋಮೂ ಇಲ್ಲ, ನೆಪೋಲಿಯನ್ನೂ ಇಲ್ಲ, ಇರುವುದು ಬಚ್ಚಲುಮನೆ. ಅಲ್ಲಿ ಎಷ್ಟೋ ಹೋಟೆಲುಗಳಲ್ಲಿ ಬಚ್ಚಲಿನ ನೆಲಕ್ಕೆ ನೀರು ಹೋಗುವ ತೂತೇ ಇರುವುದಿಲ್ಲ. ಪರದೆಯನ್ನು ತೊಟ್ಟಿಯ ಒಳಗೆ ಇಳಿಬಿಟ್ಟುಕೊಂಡು ಸ್ನಾನ ಮಾಡಬೇಕು; ಹೊರಗೆ ನಿಂತು ಚೊಂಬಿನಲ್ಲಿ ಸುರಿದುಕೊಂಡರೆ ನೀರು ಬಾಗಿಲಡಿ ಹರಿದು ಕೋಣೆಯ ಕಾರ್ಪೆಟ್ಟು ನೆನೆದು ಬಿಲ್ಲು ಬರುತ್ತದೆ. ಊದುಬತ್ತಿ ಹಚ್ಚಬೇಡಿ, ಹೊಗೆಗೆ ಅಲಾರಂ ಕೂಗಿ ಇಡೀ ಹೋಟೆಲು ಬೀದಿಗೆ ಬರುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಆದರೂ ಯಾರೋ ಒಬ್ಬರು ಹಚ್ಚುತ್ತಾರೆ. ಬೀದಿಯಲ್ಲಿ ನಿಂತಾಗ “ಯಾರು ಸಾರ್ ಹಚ್ಚಿದ್ದು?” ಅಂತ ಎಲ್ಲರಿಗಿಂತ ಮೊದಲು ಕೇಳುವವರೂ ಅವರೇ.

ಊಟದ ಕಥೆ ಬೇಡ. ನಾಲ್ಕನೇ ದಿನಕ್ಕೆ ಪನೀರ್ ಕಂಡರೆ ಮುಖ ತಿರುಗಿಸುತ್ತಾರೆ, ಐದನೇ ದಿನ ಕೋಚಿನಲ್ಲಿ ಚಟ್ನಿಪುಡಿ ಡಬ್ಬ ಕೈಯಿಂದ ಕೈಗೆ ಹೋಗುತ್ತದೆ, ಅಷ್ಟೆ.

ನನಗೆ ಬಂದ ಪ್ರಶ್ನೆಗಳಲ್ಲಿ ಬಲು ಇಷ್ಟವಾದ ಒಂದು ಇಂಟರ್‌ಲಾಕನ್‌ನಲ್ಲಿ ಬಂತು. ಜೂನ್ ತಿಂಗಳು, ಊಟ ಮುಗಿದಿತ್ತು, ಗಂಟೆ ಒಂಬತ್ತಾದರೂ ಹೊರಗೆ ಬೆಳ್ಳಂಬೆಳಕು. ಮೈಸೂರಿನ ನಿವೃತ್ತ ಭೂಗೋಳದ ಮೇಷ್ಟ್ರು ಶಾಲು ಹೊದ್ದು ನನ್ನ ಕೋಣೆಯ ಬಾಗಿಲಿಗೆ ಬಂದರು. “ಸಾಯಂಸಂಧ್ಯಾವಂದನೆಗೆ ಯಾವ ಹೊತ್ತು ಹಿಡೀಲಿ ಹೇಳಿ. ಗಡಿಯಾರ ರಾತ್ರಿ ಅನ್ನುತ್ತೆ, ಆಕಾಶ ಒಪ್ತಾ ಇಲ್ಲ.” ನನ್ನ ತರಬೇತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮೇಷ್ಟ್ರು ತಾವೇ ಲೆಕ್ಕ ಹಾಕಿದರು. ಮೈಸೂರು 12 ಡಿಗ್ರಿ ಅಕ್ಷಾಂಶ, ಇದು ಹೆಚ್ಚುಕಡಿಮೆ 47. ಆಮೇಲೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒಂಬತ್ತೂವರೆಯ ಸುಮಾರಿಗೆ ಬೆಟ್ಟದ ತುದಿಯ ಮಂಜು ಕೆಂಪಾಗಿ, ಬೂದಿಯಾಗಿ, ಮಾಸಿತು. ಅವರು ಎದ್ದು ಕೈಕಾಲು ತೊಳೆಯಲು ಒಳಗೆ ಹೋದರು. ಅಷ್ಟು ವರ್ಷದಿಂದ ಆ ಬಾಲ್ಕನಿ ಇರುವ ಹೋಟೆಲಿಗೆ ಗ್ರೂಪು ಕರೆತರುತ್ತಿರುವ ನಾನು ಆ ಹೊತ್ತಿನಲ್ಲಿ ಯಾವಾಗಲೂ ರೂಮ್ ಲಿಸ್ಟ್ ಬರೆಯುತ್ತಾ ಕೂತಿರುತ್ತಿದ್ದೆ.

ಗಡಿಯಾರದ್ದೇ ಇನ್ನೊಂದು ರಗಳೆ ಕೋಚಿನಲ್ಲಿ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಡ್ರೈವರು 45 ನಿಮಿಷ ವಿರಾಮ ತಗೊಳ್ಳಲೇಬೇಕು. ಡ್ಯಾಶ್‌ಬೋರ್ಡಿನ ಟ್ಯಾಕೋಗ್ರಾಫ್ ನಿಮಿಷ ನಿಮಿಷವೂ ಬರೆದಿಡುತ್ತದೆ, ಪೊಲೀಸರು ನಿಲ್ಲಿಸಿದರೆ ಮೊದಲು ನೋಡುವುದೇ ಅದನ್ನು. “ಇನ್ನು ಹತ್ತೇ ಕಿಲೋಮೀಟರ್ ಅಲ್ವೇನ್ರಿ, ಡ್ರೈವರಿಗೆ ಏನಾದ್ರೂ ಕೊಟ್ಟು ಹೇಳಿ” ಅನ್ನುವವರು ಪ್ರತಿ ಗ್ರೂಪಿನಲ್ಲೂ ಇರುತ್ತಾರೆ. ಕೊಟ್ಟರೂ ನಡೆಯುವುದಿಲ್ಲ ಅಂತ ತಿಳಿದಾಗ ಅವರಿಗೆ ಐಫೆಲ್ ಟವರಿಗಿಂತ ದೊಡ್ಡ ಆಶ್ಚರ್ಯ.

ಇಟಲಿ ಕಡೆಯಿಂದ ಸ್ವಿಟ್ಜರ್ಲೆಂಡಿಗೆ ಬರುವಾಗ ಗೊಟ್ಟಾರ್ಡ್ ಸುರಂಗ ಸಿಗುತ್ತದೆ. 1980ರಲ್ಲಿ ತೆರೆದದ್ದು, 16.9 ಕಿ.ಮೀ. ಉದ್ದ. ದಕ್ಷಿಣದ ಬಾಯಿ ಐರೋಲೊದಲ್ಲಿ ಬೋರ್ಡುಗಳೆಲ್ಲ ಇಟಾಲಿಯನ್. ಉತ್ತರದ ಬಾಯಿ ಗೋಶೆನೆನ್‌ನಲ್ಲಿ ಜರ್ಮನ್. ಈ ಕಡೆ ಟೀ-ಶರ್ಟಿನ ಬಿಸಿಲಲ್ಲಿ ಹೊಕ್ಕವರು ಆ ಕಡೆ ಜಡಿಮಳೆಗೆ ಹೊರಬಿದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದೇ ದೇಶ, ನಡುವೆ ಒಂದು ಬೆಟ್ಟ.

ಮರುದಿನ ಯುಂಗ್‌ಫ್ರಾಯೋಖ್, ಮಂಜಿನ ನಡುವಿನ ಬೆಟ್ಟದ ರೈಲು ನಿಲ್ದಾಣ. ಇದಕ್ಕೆಂದೇ ಜನ ದುಡ್ಡು ಕೂಡಿಟ್ಟಿರುತ್ತಾರೆ. ಗ್ರಿಂಡೆಲ್‌ವಾಲ್ಡ್‌ನಿಂದ ಕೇಬಲ್ ಕಾರು ಹದಿನೈದು ನಿಮಿಷದಲ್ಲಿ ಐಗರ್ ಪರ್ವತದ ಬುಡಕ್ಕೆ ಎತ್ತಿ ಬಿಡುತ್ತದೆ. ಪಕ್ಕದಲ್ಲೇ ಐಗರ್‌ನ ಉತ್ತರ ಮುಖ, ಸುಮಾರು 1,800 ಮೀಟರ್ ನೆಟ್ಟಗೆ ನಿಂತ ಕಪ್ಪು ಬಂಡೆ. 1938ರಲ್ಲಿ ಮೊದಲ ಬಾರಿ ನಾಲ್ವರು ಅದನ್ನು ಹತ್ತಿದರು. ಅದಕ್ಕೆ ಮುಂಚೆ ಪ್ರಯತ್ನಿಸಿದ ಹಲವರು ಅದರ ಮೇಲೇ ಸತ್ತರು. ಅಂತ್ಯಾಕ್ಷರಿ ಹಾಡುತ್ತಿದ್ದ ಕ್ಯಾಬಿನ್ನು ಅಲ್ಲಿಗೆ ಬಂದಾಗ ತಾನಾಗಿ ಸುಮ್ಮನಾಗುತ್ತದೆ. ನಾನು ಏನೂ ಹೇಳಬೇಕಾಗಿಲ್ಲ.

ಅಲ್ಲಿಂದ ಹಲ್ಲುಗಾಲಿ ರೈಲು ಆ ಬಂಡೆಯ ಹೊಟ್ಟೆಯೊಳಗೆ ಏಳು ಕಿ.ಮೀ. ಸುರಂಗದಲ್ಲಿ ಏರುತ್ತದೆ. ಜ್ಯೂರಿಕ್‌ನ ಉದ್ಯಮಿ ಅಡಾಲ್ಫ್ ಗೂಯರ್-ಝೆಲ್ಲರ್ ಕಂಡ ಕನಸು ಇದು. 1896ರಲ್ಲಿ ಕೆಲಸ ಶುರುವಾಯಿತು. ಮೂರೇ ವರ್ಷಕ್ಕೆ ಆತ ತೀರಿಕೊಂಡ. ರೈಲು ತುದಿ ಮುಟ್ಟಿದ್ದು 1912ರ ಆಗಸ್ಟ್ 1ರಂದು. ಹುಬ್ಬಳ್ಳಿಯ ಕಂತ್ರಾಟದಾರರೊಬ್ಬರು ಕಿಟಕಿಗೆ ಮೂಗು ಒತ್ತಿ ಬಂಡೆಯನ್ನೇ ನೋಡುತ್ತಾ, “ಕೊರದವ್ರು ಯಾರ್ರೀ ಸರ?” ಅಂದರು. ಬಹುಪಾಲು ಇಟಲಿಯಿಂದ ಬಂದ ಕೂಲಿಗಳು ಅಂದೆ. “ಹಂಗರಿ ಅವ್ರ ಹೆಸರು ಎಲ್ಲೆರೆ ಬರದಾರೇನ್ರಿ?” ಈ ಕಾಮಗಾರಿಯಲ್ಲಿ ಸತ್ತ ಕೂಲಿಗಳ ಹೆಸರು ಮೇಲಿನ ಸುರಂಗದ ಗೋಡೆಯಲ್ಲಿದೆ. ಇಳಿದ ಕೂಡಲೇ ಅವರು ಮಂಜು ನೋಡಲು ಹೋಗಲಿಲ್ಲ, ಅದನ್ನು ಹುಡುಕಿಕೊಂಡು ಹೋದರು.

ನಿಲ್ದಾಣವಿರುವುದು 3,454 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಮಕ್ಕಳು ಇಳಿದದ್ದೇ ಓಡುತ್ತಾರೆ, ಇಪ್ಪತ್ತು ಹೆಜ್ಜೆಗೆ ಎದೆ ಹಿಡಿದು ನಿಲ್ಲುತ್ತಾರೆ. ಒಳಗೆ ಹಿಮನದಿಯನ್ನೇ ಕೊರೆದು ಮಾಡಿದ ಅರಮನೆ ಇದೆ. 1934ರಲ್ಲಿ ಇಬ್ಬರು ಪರ್ವತ ಮಾರ್ಗದರ್ಶಿಗಳು ಗರಗಸ, ಗುದ್ದಲಿ ಹಿಡಿದು ಶುರು ಮಾಡಿದ್ದು. ಈಗ ಅದಕ್ಕೆ ಮೈನಸ್ 3 ಡಿಗ್ರಿಯ ಕೂಲಿಂಗ್ ಯಂತ್ರ ಹಾಕಿದ್ದಾರೆ. ಬಂದು ಹೋಗುವವರ ಮೈಕಾವಿಗೆ ಐಸು ಕರಗುತ್ತದಂತೆ! ಹಿಮನದಿಯ ಹೊಟ್ಟೆಯಲ್ಲಿ ಫ್ರಿಜ್ಜು ಓಡುತ್ತಿದೆ ಅಂದಾಗ ಎಲ್ಲರೂ ನಗುತ್ತಾರೆ, ಆಮೇಲೆ ಗೋಡೆಯಿಂದ ಕೈ ತೆಗೆಯುತ್ತಾರೆ.

ವಾಪಸ್ ರೈಲಿಗೆ ಎಲ್ಲರನ್ನೂ ಸೇರಿಸಿ ಎಣಿಸಿದರೆ ಒಬ್ಬರು ಕಡಿಮೆ. ಸಕಲೇಶಪುರ ಕಡೆಯ ಕಾಫಿ ತೋಟದ ಅಜ್ಜಿ. ಟಾಯ್ಲೆಟ್ಟಿನಲ್ಲಿಲ್ಲ, ಅಂಗಡಿಯಲ್ಲಿಲ್ಲ. ಲಿಫ್ಟು ಹಿಡಿದು 3,571 ಮೀಟರಿನ ಸ್ಫಿಂಕ್ಸ್ ಎಂಬ ವೀಕ್ಷಣಾ ಕಟ್ಟೆಗೆ ಏರಿದೆ. ಕೈಮಗ್ಗದ ಸೀರೆಯ ಮೇಲೆ ಮೊಮ್ಮಗನ ಜಾಕೆಟ್ಟು ತೊಟ್ಟು, ಕಂಬಿ ಹಿಡಿದು ನಿಂತಿದ್ದರು. ಎದುರಿಗೆ ಅಲೆಚ್ ಹಿಮನದಿ, ಆಲ್ಪ್ಸಿನಲ್ಲೇ ದೊಡ್ಡದು, 20 ಕಿ.ಮೀ. ದಾಟಿದ ಉದ್ದ. ಬೆಳ್ಳಗಿನ ಹರವಿನಲ್ಲಿ ಎರಡು ಕಪ್ಪು ಗೆರೆ ಬಾಗುತ್ತಾ ಕೆಳಗಿಳಿದಿದ್ದವು. ಅಜ್ಜಿಗೆ ಫೋಟೋ ಬೇಕಿರಲಿಲ್ಲ.

“ಅಲ್ಲ ಕಣಪ್ಪ, ಇದು ಕರಗಿದ ನೀರು ಯಾವ ಕಡೆ ಹೋಗುತ್ತೆ?”

ಈ ಪ್ರಶ್ನೆ ಯಾರೂ ಕೇಳಿದ್ದಿಲ್ಲ; ಪುಣ್ಯಕ್ಕೆ ಉತ್ತರ ಗೊತ್ತಿತ್ತು. ಇದು ರೋನ್ ನದಿ ಸೇರಿ, ಜಿನೀವಾ ಸರೋವರ ಹೊಕ್ಕು, ಮೆಡಿಟರೇನಿಯನ್ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಬೆನ್ನ ಹಿಂದೆ, ನಾವು ಹತ್ತಿ ಬಂದ ಕಡೆ ಕರಗಿದ್ದು ಆರೆ, ರೈನ್ ನದಿಗಳಲ್ಲಿ ಹರಿದು ಉತ್ತರ ಸಮುದ್ರಕ್ಕೆ.

ಅಜ್ಜಿ ಹಿಂದಕ್ಕೆ ತಿರುಗಿ ನೋಡಿದರು, ಮತ್ತೆ ಮುಂದಕ್ಕೆ. “ಹಂಗಾದ್ರೆ ಇದು ನಮ್ಮ ಮಂಕನಹಳ್ಳಿ ದಿಣ್ಣೆ ಅನ್ನು.” ಬಿಸಿಲೆ ಘಾಟಿಯ ದಾರಿಯ ಆ ಏಣಿನ ಮೇಲೆ ಬಿದ್ದ ಮಳೆಯೂ ಎರಡು ಪಾಲಾಗುತ್ತದೆ: ಪೂರ್ವಕ್ಕಿಳಿದದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ, ಪಶ್ಚಿಮಕ್ಕಿಳಿದದ್ದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ನಾನು ಆ ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋದವನು. ಒಂದೂವರೆ ಶತಮಾನದಲ್ಲಿ ಈ ಹಿಮನದಿ ಮೂರು ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿದೆ ಅಂತಲೂ ಹೇಳಿದೆ. “ನಮ್ಮಲ್ಲೂ ಮೊದಲಿನ ಹಂಗೆ ಮಳೆ ಹಿಡಿಯಲ್ಲ,” ಅಂದರು.

ಬಂದ ಪ್ರವಾಸಿಗಳನ್ನು ಬೈದುಕೊಳ್ಳುವುದು ನಮ್ಮ ವೃತ್ತಿಯವರ ಚಾಳಿ. ಅವರಿಗೆ ಶಾಪಿಂಗ್, ಸೆಲ್ಫಿ, ಮೊಸರನ್ನ ಬಿಟ್ಟರೆ ಏನೂ ಬೇಡ ಅನ್ನುತ್ತಾರೆ. ಸುಳ್ಳು. ನಾನು ಬಾಯಿಪಾಠ ಮಾಡಿಕೊಂಡ ಎತ್ತರ, ಇಸವಿಗಳಿಗಿಂತ ಹೆಚ್ಚನ್ನು ಇವರು ತಮ್ಮ ಊರಿನ ಕಣ್ಣಿನಿಂದಲೇ ಕಾಣುತ್ತಾರೆ.

ಹೋಗುವವರಿಗೆ ಮಾತ್ರ ಒಂದೆರಡು ಮಾತು. ಟಿಕೆಟ್ಟು ದುಬಾರಿ, ಮೋಡ ಮುಚ್ಚಿಕೊಂಡರೆ ಮೇಲೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣದು. ಕೆಳಗಿನ ನಿಲ್ದಾಣದ ಟಿವಿಯಲ್ಲಿ ಮೇಲಿನ ಕ್ಯಾಮೆರಾದ ನೇರ ಚಿತ್ರ ತೋರಿಸುತ್ತಾರೆ, ನೀವಾಗಿಯೇ ಹೋಗುವುದಾದರೆ ಅದನ್ನು ನೋಡಿ ಟಿಕೆಟ್ಟು ಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ, ಜೂನ್ ಆದರೂ ಉಣ್ಣೆ ಬಟ್ಟೆ ಇಟ್ಟುಕೊಳ್ಳಿ, ಮೇಲೆ ನಿಧಾನ ನಡೆಯಿರಿ, ನೀರು ಕುಡಿಯುತ್ತಿರಿ. ಹೃದಯದ ತೊಂದರೆ ಇದ್ದವರು ಊರಲ್ಲೇ ಡಾಕ್ಟರನ್ನು ಕೇಳಿ ಬನ್ನಿ. ಮತ್ತೆ, ಟೂರ್ ಮ್ಯಾನೇಜರ್ ಒಂದು ಗಂಟೆ ಹತ್ತು ನಿಮಿಷಕ್ಕೆ ಬನ್ನಿ ಅಂದರೆ ಆ ಹೊತ್ತಿಗೇ ಬನ್ನಿ. ಆ ರೈಲು ಯಾರಿಗೂ ಕಾಯುವುದಿಲ್ಲ.