ಯಾರ ಅಪ್ಪಣೆ?

ಮನೆಯ ಯಜಮಾನನೆಂಬ ಬಿರುದಿಗೆ ಬೆಲೆಯೆಷ್ಟೆಂದು ತಿಳಿಯಲು ಹೆಂಡತಿ ಮಕ್ಕಳನ್ನು ಕೇಳಬೇಕಾಗಿಲ್ಲ. ಮನೆಯ ಕಂಪ್ಯೂಟರನ್ನು ಕೇಳಿದರೆ ಸಾಕು. ಹೋದ ಭಾನುವಾರ ನನಗೆ ಆ ಜ್ಞಾನೋದಯವಾಯಿತು.

2006ರಲ್ಲಿ ನಮ್ಮ ಮನೆಗೆ ಬಂದ ಮೊದಲನೆಯ ಕಂಪ್ಯೂಟರು ಎಂದೋ ಕಾಲವಾಯಿತು. ಅದರ ಹೊಟ್ಟೆಯಿಂದ ತೆಗೆದ ಹಾರ್ಡ್ ಡಿಸ್ಕು ಮಾತ್ರ ಬೀರುವಿನಲ್ಲಿ ಹಳೆಯ ಬೀಗದ ಕೈಗಳೊಡನೆ ಬಿದ್ದುಕೊಂಡಿತ್ತು. ಅದನ್ನೊಂದು ಸಣ್ಣ ಪೆಟ್ಟಿಗೆಗೆ ಸೇರಿಸಿ, ಹೊಸ ಯಂತ್ರಕ್ಕೆ ತಗುಲಿಸಿ, ಒಳಗಿನ ಕಸವನ್ನೆಲ್ಲ ಗುಡಿಸಿ, ಫೋಟೋಗಳನ್ನಿಡಲು ಬಳಸೋಣವೆಂಬ ಮಿತವ್ಯಯದ ಯೋಚನೆ ನನಗೆ ಬಂದಿತು. ಫೋಲ್ಡರುಗಳು ಒಂದರ ಹಿಂದೊಂದು ಮರುಮಾತಿಲ್ಲದೆ ತೊಲಗಿದವು. ಒಂದು ಮಾತ್ರ ಹಟ ಹಿಡಿಯಿತು. ಅದನ್ನು ಅಳಿಸಲು ನನಗೆ ಅನುಮತಿ ಬೇಕಂತೆ! ಯಾರ ಅನುಮತಿ? ಎಸ್-1-5-21 ಎಂದು ಆರಂಭವಾಗಿ, ಪರದೆಯ ಉದ್ದಕ್ಕೂ ಹರಿದ ಅಂಕಿಗಳ ಸಾಲೊಂದರ ಅನುಮತಿ!

ಹಣ ತೆತ್ತವನು ನಾನು, ವಿದ್ಯುತ್ತಿನ ಬಿಲ್ಲು ಕಟ್ಟುವವನು ನಾನು. ಅಪ್ಪಣೆ ಕೊಡಬೇಕಾದದ್ದು ಒಂದು ಸಂಖ್ಯೆಯೆ? ರೋಷದಿಂದ ಶಿಫ್ಟ್ ಗುಂಡಿಯನ್ನೂ ಸೇರಿಸಿ ಡಿಲೀಟ್ ಒತ್ತಿದೆ. ಹಾಗೆ ಒತ್ತಿದರೆ ವಸ್ತು ಕಸದ ಬುಟ್ಟಿಗೂ ಹೋಗದೆ ನೇರವಾಗಿ ನಿರ್ನಾಮವಾಗುತ್ತದೆಂದು ಬಲ್ಲೆ. ಯಂತ್ರ ಜಗ್ಗಲಿಲ್ಲ.

ಅಷ್ಟರಲ್ಲಿ ನನ್ನ ಸೋದರಳಿಯ ಬಂದ. ಅವನು ಇಂಥ ವಿದ್ಯೆಯಲ್ಲಿ ನಿಪುಣ. ನೋಡಿ ನಕ್ಕು ಹೇಳಿದ:

"ಮಾವ, ಈ ಡಿಸ್ಕಿನಲ್ಲಿರುವುದು ಎನ್‌ಟಿಎಫ್‌ಎಸ್ ಎಂಬ ಪದ್ಧತಿ. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದದ್ದು. ಇದರಲ್ಲಿ ಪ್ರತಿಯೊಂದು ಫೋಲ್ಡರಿಗೂ ಒಬ್ಬ ಒಡೆಯನಿದ್ದಾನೆ. ಯಾರು ಓದಬಹುದು, ಯಾರು ಅಳಿಸಬಹುದೆಂಬ ಪಟ್ಟಿಯಿದೆ. ಯಂತ್ರ ಆಳನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಹಳೆಯ ಯಂತ್ರ ಕೊಟ್ಟ ಸಂಖ್ಯೆ ಯಾರದೆಂದು ಹೊಸದಕ್ಕೆ ತಿಳಿಯದು. ಆದ್ದರಿಂದ ಬರಿಯ ಅಂಕಿಗಳನ್ನು ಒಪ್ಪಿಸುತ್ತಿದೆ."

"ಅಡ್ಮಿನಿಸ್ಟ್ರೇಟರು ನಾನೇ ಅಲ್ಲವೆ?"

"ಹೌದು. ಆದರೆ ಈ ಫೋಲ್ಡರನ್ನು ಯಾರೋ ಖಾಸಗಿ ಮಾಡಿಟ್ಟಿದ್ದಾರೆ. ಹಿಂದಿನ ಎಕ್ಸ್‌ಪಿಯಲ್ಲಿ ಅದಕ್ಕೆಂದೇ ಒಂದು ಚೌಕವಿತ್ತು. ಗುರುತು ಹಾಕಿದರೆ ಮನೆಯ ಉಳಿದವರು ಹೊರಗೆ. ಅಡ್ಮಿನಿಸ್ಟ್ರೇಟರಿಗೆ ನೇರವಾಗಿ ಅಳಿಸುವ ಹಕ್ಕಿಲ್ಲದಿದ್ದರೂ ಒಡೆತನವನ್ನು ತನ್ನದಾಗಿ ಮಾಡಿಕೊಳ್ಳುವ ಹಕ್ಕಿದೆ. ಬೇರೆಯವರ ಹೆಸರಿನಲ್ಲಿರುವ ನಿವೇಶನಕ್ಕೆ ಮೊದಲು ಖಾತೆ ಬದಲಾಯಿಸುವುದಿಲ್ಲವೆ? ಹಾಗೆಯೇ."

ಖಾತೆಯ ಮಾತೆತ್ತಿದೊಡನೆ ನನಗೆ ವಿಷಯ ಸ್ಪಷ್ಟವಾಯಿತು. ಅವನು ಹೇಳಿದಂತೆ ಫೋಲ್ಡರಿನ ಮೇಲೆ ಇಲಿಯ ಬಲಗುಂಡಿಯೊತ್ತಿ ಪ್ರಾಪರ್ಟೀಸ್, ಅಲ್ಲಿಂದ ಸೆಕ್ಯುರಿಟಿ, ಅಲ್ಲಿಂದ ಅಡ್ವಾನ್ಸ್‌ಡ್ ಎಂಬ ಕಿಟಕಿಗೆ ಹೋದೆ. 'ಓನರ್' ಎಂಬುದರ ಪಕ್ಕದ 'ಚೇಂಜ್' ಒತ್ತಿ ನನ್ನ ಹೆಸರನ್ನು ಬರೆದೆ. ಒಳಗಿನ ಮರಿ ಫೋಲ್ಡರುಗಳಿಗೂ ನಾನೇ ಒಡೆಯನೆಂಬ ಚೌಕಕ್ಕೆ ಗುರುತು ಹಾಕಿದೆ. ಇಷ್ಟಾದರೂ ಕೆಲಸ ಅರ್ಧವೇ. ಒಡೆತನ ಬಂದ ಮಾತ್ರಕ್ಕೆ ಅನುಮತಿ ಬಾರದು. ಅನುಮತಿಯನ್ನು ಬರೆದುಕೊಳ್ಳುವ ಅಧಿಕಾರ ಬರುತ್ತದೆ. ಆದ್ದರಿಂದ ಕಿಟಕಿಯನ್ನು ಮುಚ್ಚಿ, ಮತ್ತೆ ತೆರೆದು, ಪಟ್ಟಿಗೆ ನನ್ನನ್ನು ಸೇರಿಸಿ 'ಫುಲ್ ಕಂಟ್ರೋಲ್' ಕೊಟ್ಟುಕೊಂಡೆ. ಟೇಕ್‌ಓನ್, ಐಕ್ಯಾಕಲ್ಸ್ ಎಂಬ ಎರಡು ಆಜ್ಞೆಗಳಿಂದಲೂ ಇದೇ ಕೆಲಸ ಆಗುವುದಂತೆ. "ಆದರೆ ವಿಂಡೋಸಿನ ಸ್ವಂತ ಫೋಲ್ಡರುಗಳ ಮೇಲೆ ಈ ಪ್ರಯೋಗ ಮಾಡಬೇಡಿ, ಯಂತ್ರವೇ ಮಲಗೀತು," ಎಂದು ಅಳಿಯ ಎಚ್ಚರಿಸಿದ.

ಇನ್ನು ತಡವೇಕೆ? ಡಿಲೀಟ್ ಗುಂಡಿಯ ಮೇಲೆ ಬೆರಳಿಟ್ಟೆ. ಕಾಫಿ ತಂದ ನನ್ನಾಕೆ ಕೇಳಿದಳು:

"ಅದು ಯಾರದು?"

ನಿಜ ಹೇಳಬೇಕೆಂದರೆ ನಾನು ಅದನ್ನು ನೋಡಿರಲೇ ಇಲ್ಲ. ತೆರೆದೆ. ನಮ್ಮ ಮಗಳದು. ಕಾಲೇಜಿನ ಟಿಪ್ಪಣಿಗಳು, ಗೆಳತಿಯರ ಚಿತ್ರಗಳು.

"ತಮ್ಮನ ಕಾಟ ತಾಳಲಾರದೆ ಬೀಗ ಹಾಕಿದ್ದಾಳೆ," ಎಂದಳು ಆಕೆ. "ಅವಳನ್ನು ಕೇಳಿ ಎಂದು ಯಂತ್ರ ಬೆಳಗಿನಿಂದ ಬಡಿದುಕೊಳ್ಳುತ್ತಿದೆ. ನೀವು ಅಳಿಯನನ್ನು ಕೇಳುತ್ತಿದ್ದೀರಿ."

ಮಗಳು ಈಗ ಪುಣೆಯಲ್ಲಿದ್ದಾಳೆ. ಫೋನು ಮಾಡಿದೆ. ವಿಷಯ ಕೇಳಿ ಅವಳು ಒಂದು ಕ್ಷಣ ಮಾತಾಡಲಿಲ್ಲ.

"ಅಪ್ಪಾ, ಅದು ಆ ಕಂಪ್ಯೂಟರಿನ ಜೊತೆಗೇ ಹೋಯಿತೆಂದುಕೊಂಡಿದ್ದೆ. ಅದರಲ್ಲಿ ಅಜ್ಜಿ ಇದ್ದಾಳೆ."

2009ರ ಬೇಸಗೆ ರಜೆಯಲ್ಲಿ ಅವಳು ನನ್ನ ತಾಯಿಯನ್ನು ಅಡಿಗೆಮನೆಯಲ್ಲಿ ಕೂರಿಸಿ, ಸಾರಿನ ಪುಡಿಯ ಅಳತೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಳು. ಅಮ್ಮ 2012ರಲ್ಲಿ ತೀರಿಕೊಂಡಳು. ಆಕೆಯ ಫೋಟೋಗಳು ನಮ್ಮಲ್ಲಿ ಬೇಕಾದಷ್ಟಿವೆ. ಧ್ವನಿ ಎಲ್ಲಿಯೂ ಇರಲಿಲ್ಲ.

ಹುಡುಕಿ ಹಾಕಿದೆವು. ಮೊದಲು ಕುಕ್ಕರಿನ ಕೂಗು, ಆಮೇಲೆ ಅಮ್ಮ. ಕೊತ್ತಂಬರಿ ಬೀಜ ಎರಡು ಪಾವು, ಮೆಣಸಿನಕಾಯಿ ಹುರಿಯುವಾಗ ಉರಿ ಸಣ್ಣದಿರಲಿ ಎಂದೆಲ್ಲ ಹೇಳಿ, ನಡುವೆ ನಿಲ್ಲಿಸಿ, "ಇದನ್ನೆಲ್ಲ ಯಾತಕ್ಕೆ ಹಿಡಿದಿಡುತ್ತೀಯೇ, ನಾನಿಲ್ಲವೆ ಹೇಳುವುದಕ್ಕೆ?" ಎಂದು ನಗುತ್ತಾಳೆ.

ಅಳಿಯ ಕಾಫಿಯ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ.

ಆ ಸಂಜೆಯೇ ಒಂದು ಪ್ರತಿಯನ್ನು ಮಗಳಿಗೆ ಕಳಿಸಿ, ಇನ್ನೊಂದನ್ನು ಬೇರೊಂದು ಡಿಸ್ಕಿನಲ್ಲಿ ಇರಿಸಿದೆ. ಫೋಲ್ಡರಿನ ಖಾತೆ ಈಗ ನನ್ನ ಹೆಸರಿನಲ್ಲಿದೆ, ಅಧಿಕಾರ ಪೂರ್ಣವಾಗಿದೆ. ಆದರೂ ಅದನ್ನು ಮುಟ್ಟುವ ಮುನ್ನ ಪುಣೆಯನ್ನು ಕೇಳಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಈ ವಾರದ ಸಾರಿನ ಪುಡಿಗೆ ನನ್ನಾಕೆ ಕೊತ್ತಂಬರಿಯನ್ನು ಪಾವಿನಲ್ಲಿ ಅಳೆದಳು.